ಮರ ಹತ್ತಿಸಿದ ಗೆಳತಿ

ಜಪಾನಿನ ಲೇಖಕಿ ತೆತ್ಸುಕೊ ಕುರೊಯನಾಗಿ ತಮ್ಮ ಬಾಲ್ಯದ ಶಾಲೆಯನ್ನು ಕುರಿತು ಬರೆದ ‘ತೊತ್ತೋಚಾನ್’ 1981ರಲ್ಲಿ ಪ್ರಕಟವಾಯಿತು. ಕನ್ನಡಕ್ಕೂ ಬಂದಿದೆ. ಶಿಕ್ಷಣದ ಮಾತು ಬಂದಾಗಲೆಲ್ಲ ಈ ಪುಸ್ತಕದ ಹೆಸರೆತ್ತುವುದು ವಾಡಿಕೆ. ಎತ್ತಿದವರೆಲ್ಲ ಹೊಗಳುವುದು ಅದರಲ್ಲಿನ ಹೆಡ್‌ಮಾಸ್ತರರನ್ನು. ರೈಲು ಬೋಗಿಗಳನ್ನೇ ತರಗತಿ ಮಾಡಿದ ತೊಮೊಎ ಶಾಲೆಯ ಸೊಸಾಕು ಕೊಬಾಯಾಶಿ ಹೊಗಳಿಕೆಗೆ ಯೋಗ್ಯರೇ. ಆದರೆ ಪುಸ್ತಕದ ಜೀವ ಇರುವುದು ಬೇರೆ ಕಡೆ ಎಂದು ನನ್ನ ಅನಿಸಿಕೆ. ನಾನು ಬಿ.ಎಸ್‌ಸಿ. ಓದಿ ಸರ್ಕಾರದ ಕಡತಗಳ ನಡುವೆ ಬದುಕುವವನು. ವಿಮರ್ಶೆಯ ಪರಿಭಾಷೆ ನನಗೆ ಒಗ್ಗದು. ತೋಚಿದ್ದನ್ನು ಹೇಳುತ್ತೇನೆ.

ತೊಮೊಎಯಲ್ಲಿ ಒಂದೊಂದು ಮಗುವಿಗೂ ತನ್ನದೇ ಒಂದು ಮರ. ಇನ್ನೊಬ್ಬರ ಮರ ಹತ್ತಬೇಕಾದರೆ ಅನುಮತಿ ಕೇಳಬೇಕು. ಪೋಲಿಯೋ ತಗುಲಿದ ಯಾಸುಆಕಿಗೆ ಮಾತ್ರ ಮರವಿಲ್ಲ. ಬೇಸಿಗೆ ರಜೆಯ ಒಂದು ದಿನ ತೊತ್ತೋಚಾನ್ ಅವನನ್ನು ತನ್ನ ಮರಕ್ಕೆ ಕರೆಯುತ್ತಾಳೆ. ಮೊದಲು ತಂದ ಏಣಿ ಪ್ರಯೋಜನಕ್ಕೆ ಬಾರದು. ಆಮೇಲೆ ತಾನೇ ನಿಲ್ಲುವಂಥ ಏಣಿಯನ್ನು ಎಳೆದು ತರುತ್ತಾಳೆ. ಹುಡುಗನ ಮುಖ ಬಾಡಿದರೆ ತನ್ನ ಮುಖ ಸೊಟ್ಟಗೆ ಮಾಡಿ ನಗಿಸುತ್ತಾಳೆ. ಬೆವರು ಸುರಿಸಿ, ಅಳು ನುಂಗಿ, ಕೊನೆಗೆ ಅವನನ್ನು ಕೊಂಬೆಗೆ ಎಳೆದುಕೊಳ್ಳುತ್ತಾಳೆ.

ಇಡೀ ಪ್ರಸಂಗದಲ್ಲಿ ‘ಪಾಪ’ ಎಂಬ ಧ್ವನಿಯೇ ಇಲ್ಲ. ಅವಳು ಸಹಾಯ ಮಾಡಹೊರಟವಳಲ್ಲ, ಅತಿಥಿಯನ್ನು ಕರೆದವಳು. ಅವನು ರೋಗಿಯಲ್ಲ, ನೆಂಟ. ನಮ್ಮ ನೀತಿಕಥೆಗಾರರ ಕೈಗೆ ಈ ವಸ್ತು ಸಿಕ್ಕಿದ್ದರೆ ಅನುಕಂಪದ ಮೇಲೆ ಅರ್ಧ ಪುಟವಾದರೂ ಬರೆಯುತ್ತಿದ್ದರು. ದೊಡ್ಡವರಿಗೆ ತಿಳಿಸದೆ ಮಾಡಿದ ಕೆಲಸವಿದು. ತಿಳಿದಿದ್ದರೆ ಯಾರೂ ಬಿಡುತ್ತಿರಲಿಲ್ಲ. ಮೊದಲು ಕೂಗುವವರಲ್ಲಿ ನಾನೂ ಒಬ್ಬನಾಗಿರುತ್ತಿದ್ದೆ.

ಹೆಡ್‌ಮಾಸ್ತರರ ಜಾಣ್ಮೆ ಚೆನ್ನಾಗಿ ಕಾಣುವುದು ಊಟದ ಹೊತ್ತಿನ ಭಾಷಣದಲ್ಲಿ. ದಿನಕ್ಕೊಬ್ಬರು ನಡುವೆ ನಿಂತು ಏನಾದರೂ ಹೇಳಬೇಕು. ಒಬ್ಬ ಹುಡುಗನಿಗೆ ಹೇಳಲು ಏನೂ ಇಲ್ಲ. ಬೆಳಿಗ್ಗೆ ಎದ್ದದ್ದು, ತಾಯಿ ಹಲ್ಲುಜ್ಜು ಎಂದದ್ದು, ಉಜ್ಜಿದ್ದು, ಹೀಗೆ ಒಂದೊಂದೇ ಎಳೆ ಅವನಿಂದ ಹೊರಡಿಸುತ್ತಾರೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಕಲಿತದ್ದು ಮಾತಾಡಿದವನಷ್ಟೇ ಅಲ್ಲ, ಕೇಳಿದವರೂ. ನಮ್ಮ ಸಂಘಗಳ ರಾಜ್ಯೋತ್ಸವದ ಭಾಷಣ ಸ್ಪರ್ಧೆ ನೆನಪಾಯಿತು. ಮೂರು ಬಹುಮಾನವೂ ಆಗಲೇ ಮಾತು ಬಲ್ಲ ಮಕ್ಕಳಿಗೆ. ಪರದೆ ಹಿಡಿದು ನಡುಗುವ ಮಗುವಿಗೆ ಸಮಾಧಾನಕರ ಬಹುಮಾನವೆಂದು ಒಂದು ಪೆನ್ಸಿಲ್ ಡಬ್ಬಿ.

ಕ್ರೀಡಾದಿನದ ಅಧ್ಯಾಯ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ದೇಹ ಬೆಳೆಯದ ತಾಕಾಹಾಶಿಗೆ ಅನುಕೂಲವಾಗುವ ಹಾಗೆ ಆಟಗಳನ್ನು ಹೊಂದಿಸಿದ್ದಾರೆ, ಅವನೇ ಎಲ್ಲದರಲ್ಲೂ ಮೊದಲು. ಆ ಗೆಲುವು ಅವನನ್ನು ದೊಡ್ಡವನಾದ ಮೇಲೂ ಕೈಹಿಡಿದು ನಡೆಸಿತೆಂದು ಲೇಖಕಿ ಹೇಳುತ್ತಾರೆ, ಅಲ್ಲಗಳೆಯಲು ನಾನಾರು? ಆದರೂ ಹಿರಿಯರು ಏರ್ಪಡಿಸಿದ ಗೆಲುವಿಗಿಂತ ಗೆಳತಿ ಏರಿಸಿದ ಮರ ದೊಡ್ಡದಾಗಿ ಕಾಣುತ್ತದೆ. ಇನ್ನೊಂದು ಕೊರತೆ: ಇದು ಋಣ ತೀರಿಸಲು ಬರೆದ ಪುಸ್ತಕ. ಯಾಸುಆಕಿ ಚಿಕ್ಕಂದಿನಲ್ಲೇ ತೀರಿಕೊಂಡ; ಮರದ ಮೇಲೆ ಅವನ ಮನಸ್ಸಿನಲ್ಲಿ ಏನಿತ್ತೆಂದು ಅವಳ ಕಣ್ಣಿನಿಂದಲೇ ಊಹಿಸಬೇಕು. 1945ರ ಬಾಂಬು ದಾಳಿಯಲ್ಲಿ ಶಾಲೆಯೂ ಸುಟ್ಟುಹೋಯಿತು.

ಹೊರನಾಡಿನಲ್ಲಿರುವ ನಾವು ತಪ್ಪದೆ ಓದಬೇಕಾದ್ದು ಮಿಯಾಝಾಕಿಯ ಅಧ್ಯಾಯ. ಅಮೆರಿಕದಲ್ಲಿ ಬೆಳೆದ ಈ ಹುಡುಗನಿಗೆ ಜಪಾನಿ ಸರಿಯಾಗಿ ಬಾರದು. ಮಕ್ಕಳು ಅವನಿಗೆ ಜಪಾನಿ ಕಲಿಸುತ್ತಾರೆ, ಅವನು ಅವರಿಗೆ ಇಂಗ್ಲಿಷ್. ಇಂಗ್ಲಿಷ್ ಶತ್ರುಗಳ ಭಾಷೆ ಎನಿಸಿಕೊಂಡ ಕಾಲ ಅದು! ಜೂನ್ ತಿಂಗಳಲ್ಲಿ ಹಾವೇರಿಯಿಂದಲೋ ಹಾಸನದಿಂದಲೋ ಪುಣೆಯ ಶಾಲೆಗೆ ಬಂದು ಮರಾಠಿ ತಿಳಿಯದೆ ಕುಳಿತ ಮಗುವಿಗೆ ಪಕ್ಕದ ಬೆಂಚಿನವನೇ ಗುರು. ಆದರೆ ಮಿಯಾಝಾಕಿ ಬರೀ ಪಡೆಯಲಿಲ್ಲ, ಕೊಟ್ಟ. ತಲೆ ಎತ್ತಿ ನಿಂತದ್ದು ಅದರಿಂದ. ಪುಸ್ತಕ ಮುಚ್ಚಿಟ್ಟು ನನ್ನ ಮಗನನ್ನು ಕೇಳಿದೆ: ನಿನ್ನ ಗೆಳೆಯನಿಗೆ ಕನ್ನಡ ಏನಾದರೂ ಕಲಿಸಿದೆಯೇನೋ? ಎರಡು ಪದ ಕಲಿಸಿದ್ದಾನಂತೆ, ಊಟದ ಡಬ್ಬಿ ಹಂಚಿಕೊಳ್ಳುವಾಗ: ‘ಬೇಕು’, ‘ಸಾಕು’.