ಒಂದು ಹೆಬ್ಬಾಗಿಲು, ಎರಡು ಫಲಕ: ದೆಹಲಿಯ ಮದ್ದಿನಮನೆ

ಏಪ್ರಿಲ್ 18, ವಿಶ್ವ ಪರಂಪರೆ ದಿನ. ಇತ್ತೀಚಿನ ವರ್ಷಗಳಲ್ಲಿ ಅವತ್ತು ಪುರಾತತ್ತ್ವ ಇಲಾಖೆಯ ಸ್ಮಾರಕಗಳಿಗೆ ಟಿಕೆಟ್ ಇರೋದಿಲ್ಲ, ಹಾಗಾಗಿ ದೆಹಲಿಯ ಕೆಂಪುಕೋಟೆಯಲ್ಲಿ ಜಾತ್ರೆಯಂತೆ ಜನ. ಅಲ್ಲಿಂದ ಕಾಶ್ಮೀರಿ ಗೇಟ್ ಕಡೆ ಹೋಗುವ ಲೋಥಿಯನ್ ರಸ್ತೆಯಲ್ಲಿ, ವಾಹನಗಳ ನಡುವೆ ಒಂದು ಹಳೆಯ ಹೆಬ್ಬಾಗಿಲು ನಿಂತಿದೆ. ಈಸ್ಟ್ ಇಂಡಿಯಾ ಕಂಪನಿಯ ಮದ್ದಿನಮನೆಯ ಬಾಗಿಲು ಅದು. ಅದನ್ನು ನೋಡೋಕೆ ಯಾವ ದಿನವೂ ಟಿಕೆಟ್ ಬೇಕಿಲ್ಲ. ಶಾಸನ ಓದುವ ಹುಚ್ಚಿರುವವರು ಅಲ್ಲಿಗೂ ಹೋಗಲೇಬೇಕು. ಒಂದರ ಮಾತನ್ನು ಇನ್ನೊಂದು ತಿದ್ದುವ ಎರಡು ಫಲಕಗಳು ಅಲ್ಲಿವೆ.

ಮೊದಲನೆಯದನ್ನು ಸರ್ಕಾರ ಹಾಕಿಸಿದ್ದು 1888ರಲ್ಲಿ. 1857ರ ಮೇ 11ರಂದು ಲೆಫ್ಟಿನೆಂಟ್ ವಿಲೋಬಿ ಮತ್ತು ಅವನ ಎಂಟು ಜನ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಕಾದಾಡಿ, ಇನ್ನು ಆಸೆಯಿಲ್ಲ ಎಂದಾದಾಗ ಮದ್ದಿಗೆ ಬೆಂಕಿಯಿಟ್ಟರು ಅನ್ನೋದು ಅದರ ಸಾರ. ಒಂಬತ್ತು ಇಂಗ್ಲಿಷರಿಗೂ ಅಲ್ಲಿ ಹೆಸರಿದೆ. ಸತ್ತವರು ಐವರು ಎಂಬ ಲೆಕ್ಕವೂ ಇದೆ. ಎದುರಿನವರು ಮಾತ್ರ 'ದಂಗೆಕೋರರು', 'ಶತ್ರುಗಳು'. ಅವರಲ್ಲಿ ಸತ್ತವರು 'ಅನೇಕ'.

ಎರಡನೆಯದು ಸ್ವಾತಂತ್ರ್ಯ ಬಂದ ಮೇಲಿನದು. ಮೇಲಿನ ಫಲಕ ದಂಗೆಕೋರರು ಅಂತ ಕರೆದವರು ನಿಜಕ್ಕೂ ವಿಮೋಚನಾ ಸೇನೆಯವರು, ಸ್ವಾತಂತ್ರ್ಯ ಹೋರಾಟಗಾರರು ಎಂದು ಅದು ಹೇಳುತ್ತದೆ. ಈ ಕ್ರಮದಲ್ಲಿ ಮೆಚ್ಚಬೇಕಾದ್ದು ಒಂದಿದೆ: ಹಳೆಯ ಅಕ್ಷರವನ್ನು ಯಾರೂ ಉಳಿಯಿಂದ ಕೆತ್ತಿ ಹಾಕಿಲ್ಲ. ನಾವು ಇಂಜಿನಿಯರುಗಳೂ ಡ್ರಾಯಿಂಗ್ ತಿದ್ದುವಾಗ ಹಳೆಯದನ್ನು ಹರಿದು ಬಿಸಾಡೋದಿಲ್ಲ, ಬದಲಾವಣೆಯನ್ನು ಪಕ್ಕದಲ್ಲಿ ನಮೂದಿಸ್ತೀವಿ. ಮುಂದೆ ಓದುವವನಿಗೆ ಎರಡೂ ಸಿಗಬೇಕು.

ಆದರೆ ತಿದ್ದಿದ್ದು ಏನನ್ನು? ಬರೀ ನಾಮಪದವನ್ನು. ಶತ್ರುಗಳು ಹೋರಾಟಗಾರರಾದರು, ಸರಿ. ಅವರ ಹೆಸರು, ಊರು, ಪಡೆ, ಸತ್ತವರ ಸಂಖ್ಯೆ ಯಾವುದೂ ಬರಲಿಲ್ಲ. 1888ರ ಫಲಕ ಯಾರನ್ನು ಗುಂಪಾಗಿ ಕಂಡಿತೋ ಅವರನ್ನು ಹೊಸ ಫಲಕವೂ ಗುಂಪಾಗಿಯೇ ಕಂಡಿದೆ, ಗೌರವದಿಂದ ಅಷ್ಟೇ. ಮೇಲಿನದನ್ನು ತೆಗೆದರೆ ಕೆಳಗಿನದಕ್ಕೆ ಅರ್ಥವೇ ಉಳಿಯೋದಿಲ್ಲ. ದಿಬ್ಬದ ಮೇಲಿರುವ 1863ರ ಸ್ಮಾರಕಕ್ಕೆ 1972ರಲ್ಲಿ ಅಜಿತಗಢ ಅಂತ ಹೆಸರಿಟ್ಟು, ಅಲ್ಲಿನ 'ಶತ್ರು' ಪದಕ್ಕೂ ಇದೇ ಥರ ವಿವರಣೆ ಹಚ್ಚಿದರು. ಅಲ್ಲೂ ಇದೇ ಮಿತಿ.

ನಮ್ಮ ಬೇಗೂರಿನ ಕಲ್ಲನ್ನು ನೆನಪಿಸಿಕೊಳ್ಳಿ. ಒಂಬತ್ತನೇ ಶತಮಾನದ ಕೊನೆಯ ಆ ಶಾಸನ ಬೆಂಗಳೂರು ಕಾಳಗವನ್ನು ಹೇಳುವಾಗ ಸತ್ತ ಬುಟ್ಟಣಸೆಟ್ಟಿಯ ಹೆಸರನ್ನು ಹೇಳುತ್ತದೆ. ಅವನು ರಾಜನಲ್ಲ. ಹನ್ನೊಂದು ಶತಮಾನ ಕಳೆದರೂ ಆ ಹೆಸರನ್ನು ನಾವು ಓದ್ತಿದ್ದೀವಿ. ಕಲ್ಲಿನಿಂದ ಆಗುವ ದೊಡ್ಡ ಉಪಕಾರ ಅಂದ್ರೆ ಅದೇ ಅಲ್ವಾ?

ಇದಕ್ಕಿಂತ ನನ್ನನ್ನು ಕಾಡುವ ಮಾತು ಬೇರೆ ಇದೆ. ಅವತ್ತು ಬದುಕುಳಿದ ಫಾರೆಸ್ಟ್ ಆಮೇಲೆ ಕೊಟ್ಟ ವರದಿಯಲ್ಲಿ ಮದ್ದಿನಮನೆಯ ಭಾರತೀಯ ಕೆಲಸಗಾರರು ಬರುತ್ತಾರೆ. ದಾಳಿ ಶುರುವಾದಾಗ ಅವರು ಶೆಡ್ಡುಗಳ ಮಾಡು ಹತ್ತಿ, ಹೊರಗೆ ಒರಗಿಸಿದ್ದ ಏಣಿಗಳಿಂದ ಇಳಿದು ಹೋದರು. ಆ ಕಟ್ಟಡದಲ್ಲಿ ದಿನವೂ ದುಡಿದವರು ಅವರೇ. ಒಂಬತ್ತು ವೀರರ ಪಟ್ಟಿಗೆ ಅವರು ಸೇರಲಿಲ್ಲ. ಅವರೆಲ್ಲ ಹೋರಾಟಗಾರರಾಗಿದ್ದರು ಅಂತಲೂ ನಾವು ಸುಮ್ಮನೆ ಬರೆಯುವಂತಿಲ್ಲ. ಎರಡೂ ಫಲಕಗಳ ಪದಕೋಶದಲ್ಲಿ ಅವರಿಗೆ ಪದವೇ ಇಲ್ಲ. ವೀರ ಇಲ್ಲವೇ ಶತ್ರು ಎಂಬ ಎರಡೇ ಖಾನೆಯಿರುವ ಕಡೆ ಜೀವ ಉಳಿಸಿಕೊಂಡ ಕೂಲಿಯವನನ್ನು ಎಲ್ಲಿ ಬರೆಯೋದು?

ಮೂರನೇ ಫಲಕ ಹಾಕುವ ದಿನ ಬಂದರೆ ಅದರಲ್ಲಿ ವಿಶೇಷಣಗಳು ಬೇಡ. ಇಲ್ಲಿ ಯಾರು ಏನು ಕೆಲಸ ಮಾಡುತ್ತಿದ್ದರು, ಅವತ್ತು ಅವರು ಯಾವ ಕಡೆಯಿಂದ ಹೊರಗೆ ಹೋದರು ಎಂಬ ಎರಡು ಸಾಲು ಸಾಕು. ಅಲ್ಲಿಯವರೆಗೆ ನಮ್ಮಿಂದ ಆಗುವಷ್ಟು ಮಾಡೋಣ. ಈ ಬಾಗಿಲಿನ ಫೋಟೋ ಹಂಚುವಾಗ ಒಂದೇ ಫಲಕ ಹಾಕಬೇಡಿ, ಎರಡನ್ನೂ ಜೊತೆಗೇ ಹಾಕಿ. ಎರಡೂ ಬಿಟ್ಟವರ ಬಗ್ಗೆ ಕೆಳಗೆ ಒಂದು ಸಾಲು ನೀವೇ ಬರೆಯಿರಿ.