ಐದು ಕಾಯ್ದೆಗಳ ಬೇಲಿ

ಮುಟ್ಟಿನ ರಜೆಯ ಆದೇಶಕ್ಕೆ ಸಿಕ್ಕಷ್ಟು ಶಹಬ್ಬಾಸ್‌ಗಿರಿ ಇತ್ತೀಚೆಗೆ ಕರ್ನಾಟಕದ ಬೇರೆ ಯಾವ ಸರ್ಕಾರಿ ಕಾಗದಕ್ಕೂ ಸಿಕ್ಕಿಲ್ಲ. 2025ರ ಅಕ್ಟೋಬರಿನಲ್ಲಿ ಸಂಪುಟ ಒಪ್ಪಿತು, ನವೆಂಬರಿನಲ್ಲಿ ಆದೇಶ ಬಂತು, ಡಿಸೆಂಬರಿನಲ್ಲಿ ಹೋಟೆಲ್ ಮಾಲೀಕರು ಹೈಕೋರ್ಟಿಗೆ ಹೋದರು, ತಡೆಯಾಜ್ಞೆ ಬಂದ ದಿನವೇ ವಾಪಸಾಯಿತು. ತಜ್ಞರ ಸಮಿತಿ ವರ್ಷಕ್ಕೆ ಆರು ದಿನ ಸಾಕೆಂದಿದ್ದರೆ ಸರ್ಕಾರ ಹನ್ನೆರಡು ಕೊಟ್ಟಿತು. ಈ ಕಥೆ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆದೇಶವನ್ನು ಕೂತು ಓದಿದವರು ಮಾತ್ರ ಕಡಿಮೆ.

ಓದಲು ಒಂದೇ ವಾಕ್ಯ ಸಾಕು. ಹದಿನೆಂಟರಿಂದ ಐವತ್ತೆರಡು ವಯಸ್ಸಿನ, ಕಾಯಂ, ಗುತ್ತಿಗೆ, ಹೊರಗುತ್ತಿಗೆಯ ಎಲ್ಲ ಮಹಿಳೆಯರಿಗೂ ಎನ್ನುತ್ತದೆ ಮೊದಲರ್ಧ. ಇಷ್ಟು ಓದುವಷ್ಟರಲ್ಲಿ ಮನಸ್ಸು ತುಂಬಿಬಿಡುತ್ತದೆ. ಯಾರೂ ಬಿಟ್ಟುಹೋಗಿಲ್ಲ ಅನಿಸುತ್ತದೆ. ಎರಡನೆಯ ಅರ್ಧದಲ್ಲಿ ಬೇಲಿ ಇದೆ: ಕಾರ್ಖಾನೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ, ಪ್ಲಾಂಟೇಶನ್, ಬೀಡಿ ಮತ್ತು ಸಿಗಾರ್, ಮೋಟಾರು ಸಾರಿಗೆ, ಈ ಐದು ಕಾಯ್ದೆಗಳಡಿ ನೋಂದಾಯಿತ ಸಂಸ್ಥೆಗಳಲ್ಲಿ ದುಡಿಯುವವರು. ‘ಎಲ್ಲ’ರನ್ನೂ ಕರೆದು, ಬಾಗಿಲಲ್ಲಿ ಚೀಟಿ ಕೇಳಿದ ಹಾಗೆ. (ಅದೇ ನವೆಂಬರ್ 21ಕ್ಕೆ ಕೇಂದ್ರದ ಕಾರ್ಮಿಕ ಸಂಹಿತೆಗಳು ಜಾರಿಯಾಗಿ ಐದರಲ್ಲಿ ನಾಲ್ಕು ಕಾಯ್ದೆಗಳನ್ನು ನುಂಗಿದವು. ಬೇಲಿ ಹಾಕಿದವರ ಗೂಟಗಳೇ ಹೋದವು ಎಂಬುದು ಬೇರೆ ತಮಾಷೆ.) ಡಿಸೆಂಬರಿನಲ್ಲಿ ಸರ್ಕಾರಿ ಮಹಿಳಾ ನೌಕರರಿಗೂ ಈ ರಜೆ ವಿಸ್ತರಿಸಿದ್ದು ನಿಜ, ಒಳ್ಳೆಯದೇ. ಆದರೆ ಆ ವಿಸ್ತರಣೆಯಿಂದಲೇ ಬೇಲಿಯಾಚೆ ಉಳಿದವರು ಯಾರೆಂದು ಎದ್ದು ಕಾಣತೊಡಗಿದ್ದು.

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವುದಾದರೂ ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿ. ತೋಟದ ಮನೆಗಳು ಚದುರಿಕೊಂಡಿರುವ ಸೀಮೆ, ಶಾಲೆಗಳೂ ಸಣ್ಣವು. ಒಂದು ಗೋಡೆಯ ಈಚೆ ಪಾಠ ಹೇಳುವ ಅಕ್ಕೋರು. ಅವರಿಗೆ 180 ದಿನ ಹೆರಿಗೆ ರಜೆ, 2021ರಿಂದ ಮಕ್ಕಳ ಆರೈಕೆಗೆ ಇನ್ನೂ 180 ದಿನ, ಈಗ ತಿಂಗಳಿಗೊಂದು ಮುಟ್ಟಿನ ರಜೆ, ಅದಕ್ಕೆ ವೈದ್ಯರ ಚೀಟಿಯೂ ಬೇಡ. ಗೋಡೆಯ ಆಚೆ ಅಕ್ಷರ ದಾಸೋಹದ ಅಡುಗೆಯವಳು. ಅವಳು ಕಾರ್ಖಾನೆಯವಳಲ್ಲ, ಅಂಗಡಿಯವಳಲ್ಲ, ಲೆಕ್ಕದಲ್ಲಿ ಸರ್ಕಾರಿ ನೌಕರಳೂ ಅಲ್ಲ. ಗೌರವಧನ ಪಡೆಯುವವಳು, ಅದೂ ವರ್ಷಕ್ಕೆ ಹತ್ತು ತಿಂಗಳು. ಬೆಳಿಗ್ಗೆ ಹಾಲು ಕಾಯಿಸಬೇಕು, ಅದಕ್ಕೆ ರಾಗಿ ಮಾಲ್ಟ್ ಕಲಸಬೇಕು, 2024ರ ಸೆಪ್ಟೆಂಬರಿನಿಂದ ವಾರದ ಆರೂ ದಿನ ಮೊಟ್ಟೆ ಬೇಯಿಸಬೇಕು, ಆಮೇಲೆ ಅನ್ನ, ಸಾಂಬಾರು, ಆಮೇಲೆ ಪಾತ್ರೆ. ಯೋಜನೆಗೆ ಹೊಸ ಪೌಷ್ಟಿಕಾಂಶ ಸೇರಿದಾಗಲೆಲ್ಲ ಅವಳ ಒಲೆಯ ಮೇಲೆ ಇನ್ನೊಂದು ಪಾತ್ರೆ ಏರಿದೆ.

ಕೇಂದ್ರದ ಮಾನದಂಡದಂತೆ 25 ಮಕ್ಕಳವರೆಗೆ ಒಬ್ಬರೇ ಅಡುಗೆಯವರು. ಮೇಲಿನವರು ಮಾತಾಡದೇ ದಾಟಿಹೋಗುವ ಸಂಗತಿ ಇದು. ದೊಡ್ಡ ಶಾಲೆಯಲ್ಲಿ ಮೂವರಿದ್ದರೆ ಒಬ್ಬಳು ಬಾರದ ದಿನ ಇನ್ನಿಬ್ಬರು ಸುಧಾರಿಸಿಕೊಳ್ಳುತ್ತಾರೆ. ಒಬ್ಬಳೇ ಇರುವಲ್ಲಿ ಅವಳು ಬಾರದಿದ್ದರೆ ಮಕ್ಕಳಿಗೆ ಊಟವಿಲ್ಲ. ಹಾಗಾಗಿ ರೂಢಿಯೊಂದು ತಾನಾಗಿ ಬೆಳೆದಿದೆ: ಬರಲಾಗದಿದ್ದರೆ ಬದಲಿ ಜನ ಕಳಿಸು. ನಾದಿನಿ, ಅತ್ತೆ, ಪಕ್ಕದ ಮನೆಯವಳು; ಯಾರೂ ಸಿಗದಿದ್ದರೆ ಕೂಲಿ ಕೊಟ್ಟು ಒಬ್ಬಳು. 2025ರ ಬಜೆಟ್ಟಿನ ಏರಿಕೆಯ ನಂತರ ಮುಖ್ಯ ಅಡುಗೆಯವಳಿಗೆ ತಿಂಗಳಿಗೆ 4,700 ರೂಪಾಯಿ. 26 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 180. ಅದೇ ಸಾಲಿನಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370. ಅಂದರೆ ಒಂದು ದಿನ ಮಲಗಬೇಕಾದರೆ ಅವಳು ತನ್ನ ಎರಡು ದಿನದ ದುಡಿಮೆ ಕೈಯಿಂದ ಕೊಡಬೇಕು. ಅಡಿಕೆ ಸುಲಿತದ ಕಾಲದಲ್ಲಂತೂ ದುಡ್ಡು ಕೊಟ್ಟರೂ ಜನ ಸಿಗುವುದಿಲ್ಲ.

ಇದು ಮುಟ್ಟಿನ ಒಂದು ದಿನದ ಮಾತಾಯಿತು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ? ಸಿದ್ದಾಪುರದ ಕಡೆ 2024ರಲ್ಲೂ ಮಂಗನ ಕಾಯಿಲೆ ಜೀವ ತೆಗೆಯಿತು. ಆ ಜ್ವರ ಬಂದವರನ್ನು ವಾರಗಟ್ಟಲೆ ನೋಡಿಕೊಳ್ಳಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ ಜಿಲ್ಲೆ ಎಷ್ಟು ಕೂಗಿದೆ ಎಂಬುದು ಗೊತ್ತಿದ್ದದ್ದೇ. ಕಾಯಿಲೆ ದೊಡ್ಡದಾದರೆ ಹುಬ್ಬಳ್ಳಿ, ಇಲ್ಲವೇ ಮಣಿಪಾಲ. ಅಲ್ಲಿ ರೋಗಿಯ ಜತೆ ಉಳಿಯುವವಳು ಮನೆಯ ಹೆಂಗಸು. ಹೊಗಳಿಸಿಕೊಂಡ ಆದೇಶದಲ್ಲಿ ಇಂಥ ದಿನಗಳಿಗೆ ಒಂದು ಸಾಲೂ ಇಲ್ಲ.

ಇನ್ನು ವಾದ ಮಾಡುವವರ ವಿಷಯ. ರಜೆ ಕೊಟ್ಟರೆ ಮಾಲೀಕರು ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಒಂದು ಬಣ, ಅದು ಹಕ್ಕು ಎಂದು ಇನ್ನೊಂದು ಬಣ, ತಿಂಗಳುಗಟ್ಟಲೆ ಬೆಂಗಳೂರಿನಲ್ಲಿ ಜಗಳಾಡಿದವು. ಇಬ್ಬರ ಕಣ್ಣಮುಂದೆಯೂ ಇದ್ದದ್ದು ಲಿಫ್ಟ್ ಇರುವ ಕಟ್ಟಡ. ನನಗೆ ಇವರಿಗಿಂತ ಹೆಚ್ಚು ಸಿಟ್ಟು ಬರುವುದು ನಮ್ಮ ಘಟ್ಟದ ಮೇಲಿನ ಕೆಲವು ಹಿರಿಯರ ಮಾತಿಗೆ: ‘ನಮ್ಮಲ್ಲಿ ಈ ರಜೆ ಮೊದಲೇ ಇತ್ತಲ್ಲ, ಹೊರಗಾದವರು ಮೂರು ದಿನ ಒಲೆ ಮುಟ್ಟುತ್ತಿರಲಿಲ್ಲ.’ ಒಲೆ ಮುಟ್ಟುತ್ತಿರಲಿಲ್ಲ, ಸರಿ. ಸೊಪ್ಪು, ದರಕು, ಸಗಣಿ, ಬಟ್ಟೆ, ಅಡಿಕೆ ಸುಲಿತ ಎಲ್ಲವನ್ನೂ ಮುಟ್ಟುತ್ತಿದ್ದರು. ಅಷ್ಟಾದರೂ ಬಿಡುವು ಸಿಕ್ಕಿದ್ದು ಒಲೆ ಹಿಡಿಯಲು ಇನ್ನೊಬ್ಬ ಹೆಂಗಸಿದ್ದ ತುಂಬು ಮನೆಗಳಲ್ಲಿ. ಕೂಲಿಗೆ ಬರುತ್ತಿದ್ದವಳು ಮನೆಗೆ ಹೋಗಿ ಅದೇ ದಿನ ಅನ್ನ ಬೇಯಿಸಿದಳು. ಹಳೆಯ ಮೈಲಿಗೆಯನ್ನು ಹೊಸ ಹಕ್ಕಿನ ಅಜ್ಜಿ ಮಾಡುವ ಈ ಚಪಲ ಲೇಖನಗಳಲ್ಲೂ ಇಣುಕುತ್ತಿದೆ, ವಿದ್ವತ್ತಿನ ಅಂಗಿ ತೊಟ್ಟು. ಶಾಲೆಯ ಅಡುಗೆಕೋಣೆ ಈ ವಾದಕ್ಕೆ ನೇರ ಉತ್ತರ: ಅಲ್ಲಿ ಮೈಲಿಗೆಯ ಲೆಕ್ಕ ನಿಂತಿದೆ, ಮಕ್ಕಳು ಆರಾಮಾಗಿ ಉಣ್ಣುತ್ತಾರೆ, ಅಡುಗೆಯವಳ ಸೊಂಟನೋವಿಗೆ ಮಾತ್ರ ಬಿಡುವಿಲ್ಲ.

ದಿನಕ್ಕೆ ನಾಲ್ಕು ತಾಸಿನ ಅರೆಕಾಲಿಕ ಕೆಲಸ, ಅದಕ್ಕೆಂಥ ರಜೆ ಎನ್ನುವವರೂ ಇದ್ದಾರೆ. ಅಮೆರಿಕದಲ್ಲೂ ಇದೇ ಹಾಡು. ಅಲ್ಲಿನ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ ವರ್ಷಕ್ಕೆ 1,250 ತಾಸು ದುಡಿದಿರಬೇಕೆನ್ನುತ್ತದೆ. ಬೇಸಿಗೆಯಲ್ಲಿ ಶಾಲೆ ಮುಚ್ಚುವುದರಿಂದ ಕ್ಯಾಂಟೀನಿನವರು, ಬಸ್ ಓಡಿಸುವವರು ಎಷ್ಟೋ ಮಂದಿ ಆ ಲೆಕ್ಕ ಮುಟ್ಟುವುದಿಲ್ಲ. ಇಲಿನಾಯ್ ರಾಜ್ಯ 2022ರಿಂದ ಶಾಲಾ ನೌಕರರಿಗೆ ಅದನ್ನು 1,000ಕ್ಕೆ ಇಳಿಸಿತು. ಸಂಬಳವಿಲ್ಲದ ರಜೆ ಅದು, ಹೆಚ್ಚು ಹೊಗಳಬೇಕಿಲ್ಲ. ಆದರೆ ಶಾಲೆಯ ವರ್ಷ ಕಾರ್ಖಾನೆಯ ವರ್ಷದಂತಲ್ಲ ಎಂದು ಬರೆದು ಒಪ್ಪಿಕೊಂಡರು.

ನಮ್ಮ ಆದೇಶದ ಐದು ಕಾಯ್ದೆಗಳ ಪಟ್ಟಿಗೆ ಅಡುಗೆಯವಳಿಗಾಗಿ ಆರನೆಯ ಸಾಲು ಸೇರಿಸುವುದು ಕಷ್ಟವೇನಲ್ಲ. ಬದಲಿ ಜನವಿಲ್ಲದೇ ಸೇರಿಸಿದರೆ ಅದೂ ಕಾಗದದಲ್ಲೇ ಉಳಿಯುತ್ತದೆ, ಏಕೆಂದರೆ ಒಂಟಿ ಅಡುಗೆಯವಳು ರಜೆ ಹಾಕಿದ ದಿನ ಹಸಿದಿರುವುದು ಅವಳ ಓಣಿಯ ಮಕ್ಕಳೇ. ಸಮೂಹ ಸಂಪನ್ಮೂಲ ವ್ಯಕ್ತಿಗಳಿರುವ ಹಾಗೆ ಕ್ಲಸ್ಟರಿಗೊಬ್ಬಳು ಬದಲಿ ಅಡುಗೆಯವಳನ್ನು ಇಟ್ಟರೆ ಸರ್ಕಾರಕ್ಕೆ ತಗಲುವುದು, ಅದರದೇ ದರದಲ್ಲಿ, ತಿಂಗಳಿಗೆ 4,700 ರೂಪಾಯಿ ಮತ್ತು ಬಸ್ ಇಲ್ಲದ ಊರಿಗೆ ಹೋಗಿಬರುವ ಖರ್ಚು.