ಕಾಯಿ ಕೀಳಿಸಿದ್ದು ಯಾವಾಗ?

ರೆಸಾರ್ಟಿಗೆ ಫೋನ್ ಮಾಡಿದವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಸಿ ಇದೆಯಾ, ಸ್ವಿಮ್ಮಿಂಗ್ ಪೂಲ್ ಇದೆಯಾ? ನಾನೂ ಅದನ್ನೇ ಕೇಳುತ್ತಿದ್ದೆ. ಒಂದೂಮುಕ್ಕಾಲು ವರ್ಷದ ಮೊಮ್ಮಗಳನ್ನು ಕಂಕುಳಲ್ಲಿ ಇರಿಸಿಕೊಂಡು ತುಮಕೂರು ಸೀಮೆಯ ತೋಟಗಳಲ್ಲಿ ತಂಗಲು ಶುರುಮಾಡಿದ ಮೇಲೆ ನನ್ನ ಮೊದಲ ಪ್ರಶ್ನೆ ಬದಲಾಗಿದೆ. "ನಿಮ್ಮ ತೋಟದಲ್ಲಿ ಕಾಯಿ ಕೀಳಿಸಿದ್ದು ಯಾವಾಗ?" ಅನ್ನುತ್ತೇನೆ. ಆ ಕಡೆಯವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಈಯಮ್ಮನಿಗೆ ಬೇಕಾಗಿರುವುದು ರೂಮೋ, ತೆಂಗಿನಕಾಯಿಯೋ ಎಂಬ ಗೊಂದಲ ಅವರಿಗೆ. ಈ ಪ್ರಶ್ನೆ ಯಾಕೆ ಎಂಬುದನ್ನು ಹೇಳಲೆಂದೇ ಈ ವಾರದ ಅಂಕಣ.

ಮೊದಲು ದಾರಿಯ ಮಾತು. ಬೆಂಗಳೂರಿನಿಂದ ತುಮಕೂರಿಗೆ 70 ಕಿಲೊಮೀಟರ್, ಕುಣಿಗಲ್ಲಿಗೂ ಹೆಚ್ಚುಕಡಿಮೆ ಅಷ್ಟೇ. ಈ ಅಳತೆಯ ಬೆಲೆ ಮಗುವಿರುವ ಮನೆಯವರಿಗೇ ಗೊತ್ತು. ಮಧ್ಯಾಹ್ನ ಊಟ ಮಾಡಿಸಿ ಕಾರು ಹತ್ತಿಸಿದರೆ ನೆಲಮಂಗಲ ಬರುವಷ್ಟರಲ್ಲಿ ಕಣ್ಣು ಮುಚ್ಚುತ್ತದೆ, ತೋಟದ ಗೇಟು ತೆಗೆಯುವ ಹೊತ್ತಿಗೆ ತಾನೇ ಎಚ್ಚರವಾಗುತ್ತದೆ. ಒಂದು ನಿದ್ದೆಯಷ್ಟು ದೂರ. ಚಿಕ್ಕಮಗಳೂರು, ಮಡಿಕೇರಿ ಎಂದು ಹೊರಟವರು ಎರಡನೆಯ ನಿದ್ದೆಗೆ ಮಗುವನ್ನು ಪುಸಲಾಯಿಸುತ್ತ, ತಿರುವಿನಲ್ಲಿ ವಾಂತಿ ಒರೆಸುತ್ತ ಹೋಗಬೇಕು. ಕಾರೇ ಬೇಡವೆಂದರೆ ಗುಬ್ಬಿ ಇರುವುದು ಬೆಂಗಳೂರು–ಅರಸೀಕೆರೆ ರೈಲುಮಾರ್ಗದಲ್ಲಿ. 2017ರಲ್ಲಿ ಹಾಸನದ ಹೊಸ ಮಾರ್ಗ ಪೂರ್ತಿಯಾದಾಗಿನಿಂದ ಕುಣಿಗಲ್ಲಿಗೂ ರೈಲಿದೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ಇನ್ನು ರೈಲಿನೊಳಗೆ ಅವರನ್ನು ಆಡಿಸಲು ಮುಂದಿನ ಸೀಟಿನ ಅಪರಿಚಿತರು ಇದ್ದೇ ಇರುತ್ತಾರೆ.

ಈ ಸೀಮೆಯಲ್ಲಿ ತಂಗುವ ಜಾಗಗಳು ಎರಡು ಬಗೆ. ರೆಸಾರ್ಟಿನೊಳಗೆ ಅಂದಕ್ಕೆ ಬೆಳೆಸಿದ ತೋಟ ಒಂದು. ಬೆಳೆಯುವ ತೋಟದೊಳಗೆ ನೆಂಟರಿಗೆಂದು ಕಟ್ಟಿದ ನಾಲ್ಕು ಕೋಣೆ ಇನ್ನೊಂದು. ಮೊದಲನೆಯದರಲ್ಲಿ ನಾನು ಪಾಠ ಕಲಿತೆ. ಹೆದ್ದಾರಿಗೆ ಹತ್ತಿರದ ಜಾಗ, ಹೆಸರು ಬೇಡ. ಕತ್ತರಿಸಿದ ಹುಲ್ಲುಹಾಸು, ಅದರ ಮೇಲೆ ನಡೆಯಬಾರದೆಂಬ ಬೋರ್ಡು, ಸಿಮೆಂಟಿನ ಜಿರಾಫೆ, ಸಂಜೆ ರೈನ್ ಡ್ಯಾನ್ಸು, ರಾತ್ರಿ ಹನ್ನೊಂದರವರೆಗೆ ಡಿಜೆ. ಅಷ್ಟೆತ್ತರದ ಜಿರಾಫೆಯನ್ನು ಮಗು ತಲೆಯೆತ್ತಿ ನೋಡಲೂ ಇಲ್ಲ. ಅದರ ಕಾಲ ಮೇಲೆ ಇರುವೆ ಸಾಲು ಹತ್ತುತ್ತಿತ್ತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಇಪ್ಪತ್ತು ನಿಮಿಷ ಅದನ್ನೇ ನೋಡಿದಳು. ಆ ಎರಡು ದಿನದಲ್ಲಿ ಅವಳಿಗೆ ಹಿಡಿಸಿದ್ದು ಬಿಲ್ಲಿಗೆ ಬರದ ಆ ಇರುವೆಗಳು ಮಾತ್ರ.

ಈ ಅಂಕಣ ಬರೆಯುವ ನಾನು ಕೋಣೆಯ ಹಾಸಿಗೆ, ಕಿಟಕಿಯ ನೋಟ, ಕಾಫಿಯ ಡಿಕಾಕ್ಷನ್ ಎಂದೆಲ್ಲ ಅಂಕ ಕೊಟ್ಟುಕೊಂಡು ಬಂದವಳು. ಎಲ್ಲವೂ ಐದಡಿ ಎತ್ತರದ ಕಣ್ಣಿನ ಲೆಕ್ಕ. ತೋಟದ ನಿಜವಾದ ರಸಿಕರ ಎತ್ತರ ಎರಡೂವರೆ ಅಡಿ. ಅಲ್ಲಿಂದ ಕಾಣುವುದು ಕಲ್ಲು, ಕರಟ, ಕೋಳಿಪುಕ್ಕ, ಹನಿ ನೀರಾವರಿಯ ಕಪ್ಪು ಪೈಪು, ಅದರ ತೂತಿನಿಂದ ತೊಟ್ಟಿಕ್ಕುವ ನೀರು. ಇವೆಲ್ಲ ಇರುವುದು ದುಡಿಯುವ ತೋಟದಲ್ಲಿ. ತೊಂದರೆ ಏನೆಂದರೆ, ಅಪಾಯಗಳಿರುವುದೂ ಅಲ್ಲೇ.

ಆದ್ದರಿಂದ ತಲೆಯ ಮೇಲಿನಿಂದ ಶುರುಮಾಡೋಣ. ಎಳನೀರಿಗೆ ಬಿಟ್ಟ ತೋಟದಲ್ಲಿ ಕಾಯಿ ಏಳು ತಿಂಗಳಿಗೇ ಇಳಿಯುತ್ತದೆ. ತಿಪಟೂರು, ಗುಬ್ಬಿ ಕಡೆಯದು ಕೊಬ್ಬರಿಯ ನಾಡು. ಇಲ್ಲಿ ಕಾಯಿ ಚೆನ್ನಾಗಿ ಬಲಿಯಲೆಂದು ವರ್ಷದ ಹತ್ತಿರ ಮರದಲ್ಲೇ ಬಿಡುತ್ತಾರೆ. ಬಲಿತದ್ದು ಯಾರ ಅಪ್ಪಣೆಗೂ ಕಾಯದೆ ಬೀಳುತ್ತದೆ. ಒಂದು ಕಾಯಿಯೆಂದರೆ ಕೆಜಿಗೂ ಮೀರಿದ ಭಾರ, ಬೀಳುವುದು ಮೂರು ಅಂತಸ್ತಿನ ಮನೆಗಿಂತ ಎತ್ತರದಿಂದ. ಅದರ ಜೊತೆಗೆ ಒಣಗಿದ ಗರಿ. ತೆಂಗು ತಿಂಗಳಿಗೊಂದು ಗರಿ ಬಿಡುತ್ತದೆ, ಹೆಚ್ಚುಕಡಿಮೆ ತಿಂಗಳಿಗೊಂದನ್ನು ಉದುರಿಸುತ್ತದೆ. ಹೀಗಿರುವಾಗ ಎರಡು ತೆಂಗಿನ ಮರದ ನಡುವೆ ಜೋಲಿ ಕಟ್ಟಿ, ಅದರಲ್ಲಿ ಮಗುವನ್ನು ಮಲಗಿಸಿ ಫೋಟೊ ತೆಗೆಯುವವರನ್ನು ಕಂಡರೆ ನನ್ನ ಎದೆ ಝಲ್ಲೆನ್ನುತ್ತದೆ. ಒಳ್ಳೆಯ ತೋಟದವರು ನೆಂಟರು ಓಡಾಡುವ ದಾರಿಯ ಎರಡೂ ಕಡೆಯ ಮರಗಳಿಂದ ಕಾಯಿ, ಒಣಗರಿ ಇಳಿಸಿಯೇ ಕೋಣೆ ಕೊಡುತ್ತಾರೆ. ಜೋಲಿಯನ್ನು ಮಾವಿಗೋ ಹುಣಸೆಗೋ ಕಟ್ಟುತ್ತಾರೆ.

ಎರಡನೆಯದು ನೀರು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಬಯಲುಸೀಮೆಯ ಹೊಲ, ತೋಟಗಳಲ್ಲಿ ಕೃಷಿ ಹೊಂಡಗಳು ಹೆಚ್ಚಾದವು. ರೈತರಿಗೆ ಅದು ವರ. ನೀರು ಇಂಗಬಾರದೆಂದು ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಪಾಚಿ ಕಟ್ಟಿದ ಆ ಇಳಿಜಾರಿನಲ್ಲಿ ದೊಡ್ಡವರೇ ಕಾಲೂರಿ ಮೇಲೆ ಬರಲಾರರು, ಮಗುವಿನ ಪಾಡೇನು? ಈಜುಕೊಳದ ಪಕ್ಕ ಕಾವಲಿನವನು ಇದ್ದಾನೆಂದು ಬರೆದುಕೊಳ್ಳುವ ರೆಸಾರ್ಟುಗಳು ಹಿಂದಿನ ಹೊಂಡದ ಮಾತೆತ್ತುವುದಿಲ್ಲ. ನಾವೇ ಹೋಗಿ ನೋಡಬೇಕು. ಸುತ್ತ ಬೇಲಿ, ಬೇಲಿಗೆ ಬಾಗಿಲು, ಬಾಗಿಲಿಗೆ ಮಗುವಿನ ಕೈಗೆಟುಕದ ಚಿಲಕ. ಮೂರರಲ್ಲಿ ಒಂದಿಲ್ಲದಿದ್ದರೂ ಸಾಮಾನು ಇಳಿಸಬೇಡಿ. ಕೋಣೆ ಸೇರಿದ ಮೇಲೆ ಬಚ್ಚಲಿನ ಬಕೆಟ್ಟನ್ನು ಬೋರಲು ಹಾಕಿ.

ಮೂರನೆಯದು ಕತ್ತಲು. 2019–20ರಲ್ಲಿ ತುಮಕೂರು, ಗುಬ್ಬಿ ಭಾಗದ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಪುಟ್ಟ ಮಕ್ಕಳೂ ಬಲಿಯಾದರು. ಸಂಜೆ ಮನೆಯ ಅಕ್ಕಪಕ್ಕ ಆಡಿಕೊಂಡಿರಬೇಕಾದ ವಯಸ್ಸಿನವರು. ಹೆದರಿಸಲು ಈ ಮಾತು ಹೇಳುತ್ತಿಲ್ಲ. ಈ ಸೀಮೆಯವರು ಅದನ್ನು ಮರೆತಿಲ್ಲ, ಪ್ರವಾಸಕ್ಕೆ ಬಂದ ನಾವೂ ಮರೆಯಬಾರದು. ಹೊತ್ತು ಮುಳುಗಿದ ಮೇಲೆ ಮಗು ದೀಪವಿರುವ ಜಗಲಿಯಲ್ಲಿರಲಿ, ಯಾರದಾದರೂ ಮಡಿಲಲ್ಲಿರಲಿ. ಬೆಳಿಗ್ಗೆ ಚಪ್ಪಲಿ ಕೊಡವಿಯೇ ಹಾಕಬೇಕು, ಅದರೊಳಗೆ ಚೇಳು ಮಲಗಿರುವುದುಂಟು. ಮರಗಳಿಗೆ ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದೂ ಕೇಳಿ. ಕಂಡದ್ದನ್ನೆಲ್ಲ ಬಾಯಿಗಿಡುವ ವಯಸ್ಸು.

ಇಷ್ಟೆಲ್ಲ ಕೇಳಿದ ಮೇಲೆ ಮನೆಯಲ್ಲೇ ಇರುವುದು ವಾಸಿ ಅನ್ನಿಸಿತೇ? ಹಾಗಾದರೆ ಗುಬ್ಬಿ ತಾಲ್ಲೂಕಿನ ಒಂದು ತೋಟದಲ್ಲಿ ನಾವು ಕಳೆದ ಬೆಳಗಿನ ಕತೆ ಕೇಳಿ. ತೆಂಗಿನ ಸಾಲಿನ ನಡುವೆ ಅಡಿಕೆ, ಅಡಿಕೆಯ ಕೆಳಗೆ ಬಾಳೆ. ನಾಲ್ಕೇ ಕೋಣೆ. ತೋಟ ನೋಡಿಕೊಳ್ಳುವ ಅಮ್ಮ ಒಬ್ಬರು ಬಿದ್ದಿದ್ದ ಅಡಿಕೆ ಹಾಳೆಯನ್ನು ಎಳೆದು ತಂದು, ಅದರ ಅಗಲದ ಕಡೆ ಮಗುವನ್ನು ಕೂರಿಸಿ, ಗರಿಯ ತುದಿ ಹಿಡಿದು ನಡೆದರು. ಒದ್ದೆ ಮಣ್ಣಿನ ಮೇಲೆ ಹಾಳೆ ಸುಯ್ಯನೆ ಜಾರಿತು. ಬಟ್ಟೆ ಕೆಂಪಾಯಿತು. ನಾನು ಅಯ್ಯೋ ಅಂದೆ. "ಏನಾಗಲ್ಲ ಬುಡಿ ಅಮ್ಮ, ಮಣ್ಣು ತಾನೆ" ಎಂದರು ಅವರು. ಮಗು ಮಾತ್ರ "ಇನ್ನೊಂದ್" ಅಂದಿತು. ಎಂಟು ಸುತ್ತಾದ ಮೇಲೆ ಹಾಳೆ ಹರಿಯಿತು. ಮರದಡಿ ಇನ್ನೊಂದು ಬಿದ್ದಿತ್ತು.

ಆಮೇಲೆ ಅವರು ಅಟ್ಟಕ್ಕೆ ಕರೆದೊಯ್ದರು. ಕೊಬ್ಬರಿಗೆಂದು ಕೂಡಿಟ್ಟ ಕಾಯಿಗಳು, ಸಿಪ್ಪೆಯ ಸಮೇತ, ಸೂರಿನವರೆಗೆ. ಹತ್ತು ಹನ್ನೆರಡು ತಿಂಗಳು ಅಲ್ಲೇ ಕೂತು ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅವರು ಕೆಳಗಿನಿಂದ ಒಂದು ಎಳನೀರು ತರಿಸಿ ಮಗುವಿನ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ, ನೀರು ತುಂಬಿದೆ. ಬಲಿತ ಕಾಯಿ ಅಲ್ಲಾಡಿಸಿದರು. ಕುಲುಕುಲು ಎಂದಿತು. ಅಟ್ಟದ ಕಾಯಿ ಅಲ್ಲಾಡಿಸಿದರು. ಒಳಗೆ ಯಾರೋ ಬಾಗಿಲು ತಟ್ಟಿದ ಹಾಗೆ ಗುಡುಗುಡು. ಗಿಟುಕು ಅಂದರೆ ಇದೇ. ಮೂರು ಕಾಯಿ, ಮೂರು ಸದ್ದು, ಹೆಚ್ಚುಕಡಿಮೆ ಎರಡು ವರ್ಷದ ಬೇಸಾಯ. ನನಗೆ ಅದು ಗೊತ್ತಾಗಲು ಅರವತ್ತು ವರ್ಷ ಬೇಕಾಯಿತು, ಅವಳಿಗೆ ಅರ್ಧ ಗಂಟೆ ಸಾಕಾಯಿತು. ಆವತ್ತಿಡೀ ಕಂಡದ್ದನ್ನೆಲ್ಲ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಳು: ಲೋಟ, ಚಪ್ಪಲಿ, ತಾತನ ಕನ್ನಡಕದ ಡಬ್ಬಿ.

ಅಡುಗೆಮನೆಯೂ ದುಡಿಯುವ ತೋಟದಲ್ಲೇ ಚೆನ್ನ. ಬಫೆಯ ಗೋಬಿ ಮಂಚೂರಿ ಮಗುವಿಗೆ ದಂಡ. ರಾಗಿ ಸರಿ ಕಾಯಿಸಿ ಕೊಡುವ, ಬೇಳೆಕಟ್ಟನ್ನು ಖಾರಕ್ಕೆ ಮುಂಚೆ ತೆಗೆದಿಡುವ ಕೈ ಬೇಕು. ತುಮಕೂರಿನ ಸೆರಗಿನಲ್ಲಿರುವ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ದಾರಿಯಲ್ಲೇ ಕಟ್ಟಿಸಿಕೊಳ್ಳಿ. ಹಲ್ಲು ಬರುತ್ತಿರುವವರಿಗೆ ಅದಕ್ಕಿಂತ ಮೆತ್ತಗಿನ ತಟ್ಟೆ ಇಲ್ಲ. ಎಳನೀರಿನ ಒಳಗಿನ ತೆಳು ಗಂಜಿಯನ್ನು ಚಮಚದಲ್ಲಿ ಕೆರೆದು ಕೊಡಿ. ಮಳೆಗಾಲದ ಮೊದಲಲ್ಲಿ ಹೋದರೆ ಗುಬ್ಬಿ ತಾಲ್ಲೂಕು ಚೇಳೂರಿನ ಸಿದ್ದು ಹಲಸು ಸಿಕ್ಕೀತು. ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಗುರುತಿಸಿ ಹೆಸರಿಗೆ ತಂದ ಈ ತಳಿಯದು ತಾಮ್ರಗೆಂಪು ತೊಳೆ, ಹಣ್ಣೂ ಒಂದು ಮನೆಗೆ ಹದವಾದಷ್ಟೇ ದೊಡ್ಡದು. ಆದರೆ ತೊಳೆಯನ್ನು ಬೀಜ ತೆಗೆದು ನಾರುನಾರಾಗಿ ಸೀಳಿಯೇ ಕೊಡಬೇಕು. ಕಡಲೆಬೀಜ, ಕೊಬ್ಬರಿ ಚೂರು ಈ ವಯಸ್ಸಿಗೆ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ನೀರು ಕುದಿಸಿ ಆರಿಸಿದ್ದೇ ಇರಲಿ.

ಸುತ್ತಾಟದ ವಿಷಯಕ್ಕೆ ಬಂದರೆ, ಒಂದು ವಾಸಕ್ಕೆ ಒಂದೇ ಜಾಗ. ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆ ನನ್ನ ಆಯ್ಕೆ. ಹಣೆಗೆ ನಾಮ ಹಚ್ಚಿಕೊಳ್ಳಲು ನೀರಿಲ್ಲದೆ ರಾಮ ಬಾಣ ಹೊಡೆದು ಬಂಡೆಯಿಂದ ಚಿಮ್ಮಿಸಿದ ಒರತೆ ಎಂದು ಕತೆ. ಮಗುವಿಗೆ ಕತೆ ತಿಳಿಯದು, ಪಕ್ಕದ ಜಿಂಕೆಗಳು ತಿಳಿಯುತ್ತವೆ. ಮೇಲೆ ದುರ್ಗದಲ್ಲಿ ಬಾಳೆಹಣ್ಣು ಕೈಯಲ್ಲಿ ಹಿಡಿಸಬೇಡಿ, ಕೋತಿಗಳಿವೆ. ಕುಣಿಗಲ್ ಕಡೆ ತಂಗಿದರೆ ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಿರುವ ಆ ಕೆರೆಯ ಏರಿಯ ಮೇಲೆ ಸಂಜೆ ಹತ್ತು ಹೆಜ್ಜೆ ಹಾಕಿಸಿ, ಸಾಕು. ಮಾರ್ಕೋನಹಳ್ಳಿ ಜಲಾಶಯವನ್ನು ದೂರದಿಂದ ನೋಡಿ. ಅದರಲ್ಲಿರುವುದು ಸೈಫನ್ ಏರ್ಪಾಡು. ನೀರು ಮಟ್ಟ ಮುಟ್ಟಿದ ಕೂಡಲೇ ಯಾರೂ ಗೇಟೆತ್ತದೆ ತಾನೇ ಹೊರಗೆ ನುಗ್ಗುತ್ತದೆ. ತುಂಬಿದ ಕಾಲದಲ್ಲಿ ಕೆಳಗಿನ ಬಂಡೆಗಳ ಮೇಲೆ ಮಗುವಿನೊಂದಿಗೆ ಇಳಿಯುವುದು ಹುಚ್ಚುತನ. ಇನ್ನು ಗುಬ್ಬಿಯ ಮಾತು. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ರಂಗದ ವೈಭವಕ್ಕೆ ನಾಡಿಗೆಲ್ಲ ಹೆಸರಾಯಿತು. ಅದೇ ಊರಿಗೆ ನಾವು ವೈಭವವಿಲ್ಲದ ಎರಡು ದಿನ ಹುಡುಕಿಕೊಂಡು ಹೋದೆವು ಎನ್ನುವುದೂ ಒಂದು ತಮಾಷೆ.

ನನ್ನ ತೀರ್ಪು ಇಷ್ಟು. ಒಂದು ರಾತ್ರಿಗೆಂದು ಹೋಗಬೇಡಿ, ಎರಡಾದರೂ ಇರಿ. ಮೊದಲ ರಾತ್ರಿ ಯಾವ ಮಗುವೂ ಹೊಸ ಜಾಗದಲ್ಲಿ ನೆಟ್ಟಗೆ ಮಲಗುವುದಿಲ್ಲ, ಎರಡನೆಯ ರಾತ್ರಿಯೇ ನಿಮ್ಮ ದುಡ್ಡಿನ ಬೆಲೆ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ತಂಪು ಕಾಲ ಒಳ್ಳೆಯದು. ವಾರದ ಕೊನೆ ಬಿಟ್ಟು ನಡುವಿನ ದಿನ ಆರಿಸಿದರೆ ಡಿಜೆಯ ಕಾಟವಿಲ್ಲ. ಆಟದ ಸಾಮಾನಿನ ಚೀಲ ಮನೆಯಲ್ಲೇ ಇರಲಿ. ಹಳೆಯ ಬಟ್ಟೆ ಎರಡು ಜೊತೆ ಹೆಚ್ಚಿಗೆ ಇರಲಿ, ಅಡಿಕೆ ಹಾಳೆಯ ಸವಾರಿಗೆ ಬೇಕಾಗುತ್ತದೆ.

ಫೋನಿನಲ್ಲಿ ಆ ಒಂದು ಪ್ರಶ್ನೆ ಮರೆಯಬೇಡಿ. "ಗೊತ್ತಿಲ್ಲ ಮೇಡಂ, ಮ್ಯಾನೇಜರನ್ನ ಕೇಳಿ" ಎಂದರೆ ಅದು ಬರಿಯ ರೆಸಾರ್ಟು. "ಕಾಯಿ ತಾನಾಗೇ ಬೀಳುತ್ತೆ, ಆರಿಸ್ಕೊಳ್ತೀವಿ" ಎಂದರೆ ಅದು ಒಳ್ಳೆಯ ತೋಟ, ಆದರೆ ಮಗು ಸ್ವಲ್ಪ ದೊಡ್ಡದಾದ ಮೇಲೆ ಹೋಗಿ. "ಹೋದ ವಾರ ಕೀಳಿಸಿದ್ವಿ, ಒಣಗರೀನೂ ಇಳಿಸಿದ್ವಿ, ಪಾಪು ಎಷ್ಟು ವರ್ಷದ್ದು?" ಎಂದು ತಿರುಗಿ ಕೇಳಿದರೆ, ಎಸಿಯ ಮಾತೆತ್ತದೆ ಮುಂಗಡ ಕಳಿಸಿಬಿಡಿ.